ಕ್ಯಾಸೆಟ್ಟಿನ ತುದಿಯಲ್ಲಿ ಉಳಿದ ದನಿ

ನಾನು ಹುಟ್ಟಿ ಬೆಳೆದ ತೊಟ್ಟಿಮನೆಯಲ್ಲಿ ಗಂಟಲು ಬಿಚ್ಚುವ ಅಧಿಕಾರ ಇದ್ದದ್ದು ಒಬ್ಬನಿಗೇ. ಅವನು ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ. 'ಅವನು' ಅಂತಲೇ ಬರೆಯುತ್ತೇನೆ. ಅವನು ಬದುಕಿದ್ದಷ್ಟು ದಿನ ಬಹುವಚನ ಕೊಟ್ಟೂ ಕೊಟ್ಟೂ ನನ್ನ ನಾಲಗೆ ಸವೆದಿದೆ. ಬೆಸಗರಹಳ್ಳಿಯಲ್ಲಿ ಬಸ್ಸಿಳಿದು ಕಬ್ಬಿನ ಗದ್ದೆಗಳ ನಡುವೆ ಒಳಕ್ಕೆ ನಡೆದರೆ ನಮ್ಮೂರು. ಊರ ನಡುವೆ ನಮ್ಮ ಮನೆ. ಮುಂದೆ ಜಗಲಿ, ದಾಟಿದರೆ ತೊಟ್ಟಿ, ತೊಟ್ಟಿಯ ಸುತ್ತ ಕಂಬಗಳು, ಎಡಕ್ಕೆ ಅವನ ಕೋಣೆ, ಬಲಕ್ಕೆ ಕೊಟ್ಟಿಗೆ, ಹಿಂದೆ ಹೊಗೆ ಕಟ್ಟಿದ ಅಡುಗೆಮನೆ. ನಮ್ಮಪ್ಪ ದಿನವಿಡೀ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಮುಂದೆ ಬೆಂದು ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದ. ಮಾತಿಲ್ಲ ಕತೆಯಿಲ್ಲ. ನಮ್ಮವ್ವ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ. ಮುದ್ದೆ ಇಳಿಸಿದರೆ ಮೊದಲನೆಯದು ಅವನ ತಟ್ಟೆಗೆ. ಉಪ್ಸಾರಿನ ಕಾರ ಒಂಚೂರು ಹೆಚ್ಚಾದರೆ ತಟ್ಟೆ ತೊಟ್ಟಿಗೆ ಹಾರುತ್ತಿತ್ತು. ಆ ತಟ್ಟೆ ಉರುಳುವ ಸದ್ದಿನ ಮೇಲೆ ಯಾರೂ ಉಸಿರೆತ್ತುತ್ತಿರಲಿಲ್ಲ.

ಊರಲ್ಲಿ ಸುಗ್ಗಿ ಕಳೆದರೆ ಪೌರಾಣಿಕ ನಾಟಕ ಕಟ್ಟುತ್ತಿದ್ದರು. ನಮ್ಮ ಕಡೆ ಪಾರ್ಟು ಸಿಗುವುದು ಕಂಠ ನೋಡಿ ಅಲ್ಲ, ಯಾರು ಹೆಚ್ಚು ದುಡ್ಡು ಬಿಚ್ಚುತ್ತಾರೋ ಅವರಿಗೆ. ಹಾಗಾಗಿ ರಾಜಪಾರ್ಟು ಯಾವಾಗಲೂ ದೊಡ್ಡಪ್ಪನದೇ. ಕಂಠ ಅಂದರೆ ಹೇಗಿತ್ತು ಅಂತೀರಿ, ತಗ್ಗಿನಲ್ಲಿ ಎಮ್ಮೆ, ಏರಿದರೆ ಒಡಕು ಶಂಖ. ಆದರೂ ಹಾರ್ಮೋನಿಯಂ ಮೇಷ್ಟ್ರು ನಮ್ಮ ಮನೆಯಲ್ಲೇ ಇಳಿದುಕೊಂಡು, ನಮ್ಮ ಮನೆಯ ಬಾಡೂಟ ಉಂಡು, ಅವನ ಒಂದೊಂದು ಹಾಡಿಗೂ 'ಆಹಾ ಗೌಡ್ರೇ' ಅನ್ನುತ್ತಿದ್ದರು. ತಾಲೀಮು ನಡೆಯುತ್ತಿದ್ದದ್ದು ನಮ್ಮ ತೊಟ್ಟಿಯಲ್ಲೇ. ತಾಲೀಮಿನ ಹೊತ್ತಿಗೆ ಮಕ್ಕಳು ಕೆಮ್ಮುವಂತಿಲ್ಲ, ಹೆಂಗಸರು ಒಲೆ ಊದುವಂತಿಲ್ಲ.

ಅಂಥದೊಂದು ತಾಲೀಮಿನ ಕಾಲದಲ್ಲೇ ನನ್ನ ತಂಗಿ ತೀರಿಕೊಂಡಳು. ಹೆಸರಿಡುವಷ್ಟು ದಿನ ಇರಲಿಲ್ಲ ಅವಳು. ಜ್ವರ ಬಂತು, ಹಾಲು ಕುಡಿಯುವುದು ಬಿಟ್ಟಳು, ಒಂದು ಮಧ್ಯಾಹ್ನ ಅವ್ವನ ಮಡಿಲಲ್ಲೇ ತಣ್ಣಗಾದಳು. ಅವ್ವ ಅಡುಗೆಮನೆಯಲ್ಲಿ ಬಾಯಿ ತೆರೆದಳು. ಒಂದು ದನಿ ಹೊರಟಿತ್ತು ಅಷ್ಟೆ, ತೊಟ್ಟಿಯಿಂದ ದೊಡ್ಡಪ್ಪನ ಮಾತು ಬಂತು. ನೇರವಾಗಿ ಅವ್ವನಿಗಲ್ಲ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಮುಂದೆ ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವಳು ಬಾಗಿಲ ಹಿಂದೆ, ಅವನು ಬಾಗಿಲ ಮುಂದೆ, ನಡುವೆ ನಾನು. ಇಬ್ಬರಿಗೂ ಇಬ್ಬರ ಮಾತೂ ಕೇಳುತ್ತಿತ್ತು. ಆದರೂ ಅವನು ಹೇಳಿದ್ದನ್ನು ನಾನು ತಿರುಗಿ ಅವಳಿಗೆ ಹೇಳಬೇಕು, ಅವಳು ಹೇಳಿದ್ದನ್ನು ಅವನಿಗೆ. ಅವರಿಬ್ಬರ ನಡುವಿನ ತಂತಿ ನಾನು.

"ಏಳ್ಲಾ ನಿಮ್ಮವ್ವುಂಗೆ. ಮೇಷ್ಟ್ರು ಕುಂತವ್ರೆ. ಅಸುಗೂಸ್ಗೆಲ್ಲ ಇಂಗ್ ಬಾಯ್ ಬಡ್ಕೊಂಡ್ರೆ ಮನ್ಗೆ ಒಳ್ಳೇದಾಗಕಿಲ್ಲ ಅಂತ ಏಳು."

ನಾನು ಹೇಳಿದೆ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಪ್ಪ ಆಲೆಮನೆಯಿಂದ ಬಂದು ಕೂಸನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ಹಿತ್ತಲ ಬಾಗಿಲಿಂದಲೇ ಹೋದ. ತೊಟ್ಟಿಯಲ್ಲಿ ಹಾರ್ಮೋನಿಯಂ ನಿಂತದ್ದು ಅಷ್ಟು ಹೊತ್ತು ಮಾತ್ರ. ದೊಡ್ಡವರು ಸತ್ತರೆ ನಮ್ಮ ಹೆಂಗಸರು ಹೇಳಿಕೊಂಡು ಹೇಳಿಕೊಂಡು ಅಳುತ್ತಾರೆ, ಅದೇ ಒಂದು ಹಾಡು. ಕೂಸಿಗೆ ಆ ಹಾಡೂ ಇಲ್ಲ, ತಿಥಿಯೂ ಇಲ್ಲ. ಆಮೇಲೆ ಅವ್ವನ ಮುಖ ಒಂಥರಾ ಆಯಿತು. ಅಳು ಒಳಗೇ ಸಿಕ್ಕಿಕೊಂಡು ನಿಂತ ಮುಖ. ಮುದ್ದೆ ತೊಳಸುತ್ತಿದ್ದಳು, ಸೊಪ್ಪು ಬಿಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅವಳು ಇದ್ದಳು ಅಂತ ಮಾತ್ರ ಹೇಳಲು ಆಗುತ್ತಿರಲಿಲ್ಲ.

ಕ್ಯಾಸೆಟ್ಟು ಬಂದದ್ದು ಅದಾದ ಮೇಲೆ. ಅವ್ವನ ತವರು ಮಳವಳ್ಳಿ ಕಡೆ. ಅವಳ ತಮ್ಮ, ನನ್ನ ಮಾವ, ಟೂರಿಸ್ಟ್ ಬಸ್ಸಿನಲ್ಲಿ ಕ್ಲೀನರ್. ಬಿಳಿ ಜನರನ್ನು ಬೆಂಗಳೂರಿಂದ ಮೈಸೂರಿಗೆ ಕರೆದುಕೊಂಡು ಹೋಗುವ ಬಸ್ಸು ನಿಡಘಟ್ಟದ ಹತ್ತಿರ ತಿಂಡಿಗೆ ನಿಲ್ಲುತ್ತಿತ್ತು. ಅಲ್ಲೊಬ್ಬ ಮುದುಕಿ ಇವನ ಕೈಗೆ ತನ್ನ ಕ್ಯಾಸೆಟ್ಟು ಕೊಟ್ಟು, ಎದೆ ಮುಟ್ಟಿಕೊಂಡು ಏನೋ ಹೇಳಿ ಹೋದಳಂತೆ. ಮಾವನಿಗೆ ಅದರಲ್ಲಿ ಏನಿದೆ ಅಂತ ಗೊತ್ತಿಲ್ಲ. ಅಕ್ಕನನ್ನು ನೋಡಲು ಬಂದವನು ಬಾಳೆಹಣ್ಣಿನ ಜೊತೆ ಅದನ್ನೂ ಇಟ್ಟ.

"ಇಂಗ್ಲೀಸೋ ಪಂಗ್ಲೀಸೋ ಕಣಕ್ಕ. ಬೇಜಾರಾದಾಗ ಆಕ್ಕೊ."

"ನಂಗ್ಯಾರ್ಲಾ ಆಕ್ ಕೊಟ್ಟಾರು?" ಅಂದಳು ಅವ್ವ.

ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಅದು ದೊಡ್ಡಪ್ಪನ ಕೋಣೆಯ ಗಾಜಿನ ಬೀರುವಿನಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿತ್ತು. ಹೆಂಗಸರು ಅದರ ಧೂಳನ್ನೂ ಒರೆಸುವಂತಿರಲಿಲ್ಲ. ಮುಟ್ಟುವ ಹಕ್ಕು ಅವನಿಗೆ, ಅವನ ಮಗ ಪುಟ್ರಾಜನಿಗೆ. ಪುಟ್ರಾಜ ನನ್ನ ವಾರಿಗೆಯವನು. ಒಂದು ದಿನ ಗಂಡಸರೆಲ್ಲ ಗದ್ದೆ ಕಡೆ ಹೋಗಿದ್ದ ಮಧ್ಯಾಹ್ನ ನಾನು ಬೀರು ತೆಗೆದೆ. ಅವ್ವ ಹೊಸ್ತಿಲಾಚೆಯೇ ನಿಂತಳು. ಕೋಣೆಯೊಳಕ್ಕೆ ಬರಲಿಲ್ಲ. ಗುಂಡಿ ಅದುಮಿದೆ. ಆ ಬದಿಯಲ್ಲಿ ಉಳಿದಿದ್ದದ್ದು ಕೊನೆಯ ಹಾಡೊಂದೇ.

ಅದನ್ನು ಹೇಗೆ ಹೇಳಲಿ. ಮೊದಲು ಒಬ್ಬ ಹೆಂಗಸು, ಪಕ್ಕದಲ್ಲಿ ಕೂತು ಮಾತಾಡಿದಂತೆ, ಸಣ್ಣಗೆ ಶುರುಮಾಡಿದಳು. ಆಮೇಲೆ ಪಿಟೀಲುಗಳು, ಒಂದಲ್ಲ ಎರಡಲ್ಲ, ಕಬ್ಬಿನ ಗದ್ದೆಗೆ ಗಾಳಿ ನುಗ್ಗಿದಂತೆ. ಒಬ್ಬ ಗಂಡಸು ಬಂದ. ನಮ್ಮ ದೊಡ್ಡಪ್ಪನ ಥರ ಅಬ್ಬರಿಸಲಿಲ್ಲ. ಅವಳು ಹೋದಲ್ಲಿಗೆ ಹಿಂದೆ ಹಿಂದೆ ಹೋದ. ಇಬ್ಬರೂ ಏರುತ್ತಾ ಏರುತ್ತಾ ಹೋಗಿ, ಡ್ರಮ್ಮು ಬಡಿದು, ಕೊನೆಗೆ ಅವನು ನಿಂತುಬಿಟ್ಟ. ಅವಳೊಬ್ಬಳೇ ಇನ್ನೂ ಮೇಲಕ್ಕೆ ಹೋಗಿ ಒಂದೇ ದನಿಯನ್ನು ಹಿಡಿದು ನಿಂತಳು. ಇನ್ನೇನು ಮುರಿಯಿತು ಅನ್ನುವಾಗ ಮುರಿಯಲಿಲ್ಲ. ಇನ್ನೂ ಅಗಲವಾಯಿತು. ನಾನು ತಿರುಗಿ ನೋಡಿದರೆ ಅವ್ವ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ಬಾಯಿ ತೆರೆದಿತ್ತು, ದನಿ ಇರಲಿಲ್ಲ, ಕಣ್ಣಿಂದ ನೀರು ದಳದಳ. ಅವತ್ತು ಅಡುಗೆಮನೆಯಲ್ಲಿ ಅವಳ ಬಾಯಿಂದ ಹೊರಟು ನಿಂತುಹೋಗಿದ್ದ ದನಿ ಎಲ್ಲಿತ್ತೋ ಅಲ್ಲಿಂದಲೇ ಈ ಹೆಂಗಸು ಎತ್ತಿಕೊಂಡು ಮುಂದಕ್ಕೆ ಒಯ್ದಿದ್ದಳು. ಯಾರೂ ಅವಳಿಗೆ 'ಮೇಷ್ಟ್ರು ಕುಂತವ್ರೆ' ಅಂದಿರಲಿಲ್ಲ.

"ಇನ್ನೊಂದ್ಸಲ ಆಕ್ಲಾ ಮಗ," ಅಂದಳು ಅವ್ವ.

ಆ ಬೇಸಿಗೆಯಿಡೀ ಅದೇ ನಮ್ಮ ಕಳ್ಳಕೆಲಸ. ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ್ದೇ ವಾಸಿ. ಅರ್ಥವಾಗಿದ್ದರೆ ಅದು ಆ ಹೆಂಗಸಿನ ಕಷ್ಟವಾಗುತ್ತಿತ್ತು. ಅರ್ಥವಾಗದ್ದರಿಂದ ಅವ್ವ ತನ್ನದನ್ನು ಅದರೊಳಗೆ ಹಾಕಿಕೊಂಡಳು. ಅವಳ ಮುಖಕ್ಕೆ ಜೀವ ಬಂತು. ಬಸ್ಸಾರು ಒಗ್ಗರಣೆ ಹಾಕುವಾಗ ಮೂಗಿನಲ್ಲೇ ಆ ಏರನ್ನು ಎಳೆಯುತ್ತಿದ್ದಳು. ನನ್ನ ತಲೆ ನೇವರಿಸಿದ್ದೂ ಆಗಲೇ. ಇಂಥ ಹಾಡು ಓದಿದವರದು, ಕೋಟು ಹಾಕಿದವರದು ಅಂತ ಈಗಲೂ ಕೆಲವರು ನನಗೆ ಹೇಳುತ್ತಾರೆ. ನಾನು ಜಗಳ ಆಡುವುದಿಲ್ಲ. ಈಗ ನನ್ನದು ಮೈಕ್ ಸೆಟ್ಟಿನ ಕೆಲಸ, ಮದುವೆ ಮನೆಯಲ್ಲಿ ಧಾರೆ ಮುಗಿದ ಮೇಲೆ ನನ್ನ ಸ್ಪೀಕರಿನಲ್ಲಿ ಇಂಥದೊಂದನ್ನು ಒಂದು ಸಲ ಹಾಕುತ್ತೇನೆ. ಸೌಟು ಹಿಡಿದವರು ಸೌಟು ಹಿಡಿದಂತೆಯೇ ಹೊರಗೆ ಬಂದು ನಿಲ್ಲುತ್ತಾರೆ. ದಿನವೆಲ್ಲ ಬಾಯಿ ಮುಚ್ಚಿಕೊಂಡು ದುಡಿದವರಿಗೆ ಬಾಯಿ ಪೂರ್ತಿ ತೆರೆದವರನ್ನು ಕೇಳಿದರೆ ಎದೆ ಬಿಚ್ಚಿಕೊಳ್ಳುತ್ತದೆ. ಅದಕ್ಕಿಂತ ಬೇರೆ ವಿವರಣೆ ನನಗೆ ಬೇಕಿಲ್ಲ.

ಪುಟ್ರಾಜನಿಗೆ ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ. ಅವನು ಅವರಪ್ಪನಿಗೆ ಹೇಳಿದ. ದೊಡ್ಡಪ್ಪ ಬಯ್ಯಲಿಲ್ಲ. ಬಯ್ದಿದ್ದರೆ ಮರೆಯುತ್ತಿದ್ದೆನೋ ಏನೋ. ಅವನು ಕ್ಯಾಸೆಟ್ಟನ್ನು ತರಿಸಿಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಅಂಗಡಿಯ ಹಾಡಿನ ಕ್ಯಾಸೆಟ್ಟಿನ ತಲೆಯ ಮೇಲೆ ಸಣ್ಣ ಕಿಂಡಿ ಇರುತ್ತದೆ. ಆ ಕಿಂಡಿ ಇದ್ದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಕಿಂಡಿಗೆ ಕಾಗದ ತುರುಕಿ ಅಂಟಿಸಿದರೆ ಆಗುತ್ತದೆ. ಪುಟ್ರಾಜನೇ ಅನ್ನದ ಅಗುಳು ಹಚ್ಚಿ ಕಾಗದ ಅಂಟಿಸಿದ. ನನ್ನ ಕಣ್ಣೆದುರೇ, ನಾಲಗೆ ಹೊರಗೆ ಹಾಕಿಕೊಂಡು, ಬಲು ನಾಜೂಕಾಗಿ. ಮೇಷ್ಟ್ರು ಹಾರ್ಮೋನಿಯಂ ಹಿಡಿದರು. ದೊಡ್ಡಪ್ಪ ತೊಟ್ಟಿಯ ನಡುವೆ ನಿಂತು ತನ್ನ ರಾಜಪಾರ್ಟಿನ ಹಾಡುಗಳನ್ನೆಲ್ಲ ಒಂದಾದ ಮೇಲೊಂದು ಅದಕ್ಕೆ ತುಂಬಿದ. ಕೊನೆಯಲ್ಲಿ ಒಂದು ಅಟ್ಟಹಾಸ. ಹ್ಹ ಹ್ಹ ಹ್ಹಾ. ಅವ್ವ ಅಡುಗೆಮನೆಯಲ್ಲಿ ಪಾತ್ರೆ ಬೆಳಗುತ್ತಿದ್ದಳು. ಏನಾಗುತ್ತಿದೆ ಅಂತ ಅವಳಿಗೆ ತಿಳಿದಿರಲಿಲ್ಲ. ಎರಡು ದಿನ ಬಿಟ್ಟು ಬಾಗಿಲ ಹಿಂದಿನಿಂದ ಕೇಳಿದಳು.

"ನನ್ ಕ್ಯಾಸೆಟ್ಟು ಎಲ್ಗೋಯ್ತು ಅಂತ ಕೇಳ್ಲಾ ನಿಮ್ ದೊಡ್ಡಪ್ಪನ್ನ."

ನಾನು ಕೇಳಿದೆ. ಅವನು ಎಲೆಯಡಿಕೆ ಜಗಿಯುತ್ತಾ, ಬಾಗಿಲ ಕಡೆಗೇ ಮುಖ ಮಾಡಿ, ನನಗೆ ಹೇಳಿದ.

"ಏಳ್ಲಾ ನಿಮ್ಮವ್ವುಂಗೆ. ಎಲ್ಗೂ ಓಗಿಲ್ಲ, ಇಲ್ಲೇ ಅದೆ. ಒಳ್ಗಿರೋದ್ ಬದ್ಲಾಗದೆ, ಅಷ್ಟೆಯ."

ಪುಟ್ರಾಜ ಕಿಸಕ್ಕನೆ ನಕ್ಕ. ಅವಳಿಗೆ ಕೇಳಿಸಿದೆಯಲ್ಲ, ನಾನ್ಯಾಕೆ ಹೇಳಲಿ.

"ಏಳ್ಲಾ! ಕಿವಿ ಕೇಳಕಿಲ್ವಾ?"

ಹೇಳಿದೆ. ಆ ಮಾತನ್ನು ಅವನು ನನ್ನ ಬಾಯಿಂದ ಹೇಳಿಸಿದ. ಬಾಗಿಲ ಸಂದಿಯಲ್ಲಿ ನಮ್ಮವ್ವನ ಮುಖ ನೋಡುತ್ತಾ, ನಾನು, ಅವಳ ಮಗ, ಒಳಗಿರುವುದು ಬದಲಾಗಿದೆ ಅಂತ ಹೇಳಿದೆ. ಇದಕ್ಕೆ ನಾನು ಯಾರನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ಆದರೆ ಅವನ ಲೆಕ್ಕ ಒಂದು ಕಡೆ ತಪ್ಪಿತ್ತು. ಅವನ ಹಾಡು ಮುಗಿದರೂ ಟೇಪು ಮುಗಿದಿರಲಿಲ್ಲ. ಬಂದ ನೆಂಟರನ್ನೆಲ್ಲ ಜಗಲಿಯಲ್ಲಿ ಕೂರಿಸಿ ಅವನು ತನ್ನ ಹಾಡು ಕೇಳಿಸುತ್ತಿದ್ದ. ಅಟ್ಟಹಾಸ ಮುಗಿದು, ನೆಂಟರು 'ಭೇಷ್' ಅನ್ನಲು ಬಾಯಿ ತೆರೆಯುವಷ್ಟರಲ್ಲಿ, ಅವಳ ಆ ಕೊನೆಯ ದನಿ ಸಿಡಿದು ಬರುತ್ತಿತ್ತು. ಹಾಡೆಲ್ಲ ಅಳಿಸಿಹೋಗಿ ಅದೊಂದೇ ಉಳಿದಿತ್ತು. ಮನೆ ನಡುಗುತ್ತಿತ್ತು. ಅವನು ಓಡಿಹೋಗಿ ಗುಂಡಿ ಅದುಮುವಷ್ಟರಲ್ಲಿ ನೆಂಟರು 'ಇದ್ಯಾರ್ ಗೌಡ್ರೇ ಈ ಯಮ್ಮ?' ಅಂತ ಕೇಳಿಬಿಟ್ಟಿರುತ್ತಿದ್ದರು. ಇಷ್ಟು ಹೊತ್ತು ಹಾಡಿದ ಅವನನ್ನು ಯಾರೂ ಕೇಳುತ್ತಿರಲಿಲ್ಲ. ಅದನ್ನೂ ಅಳಿಸಿಬಿಡಬಹುದಿತ್ತು. ಅಳಿಸಲು ಹೋದರೆ ತನ್ನ ಅಟ್ಟಹಾಸಕ್ಕೆ ಎಲ್ಲಿ ಏಟು ಬೀಳುತ್ತದೋ ಅಂತ ಅವನಿಗೆ ಭಯ. ಅವನು ಹಾಡು ಹಾಕಿದಾಗೆಲ್ಲ ಅವ್ವ ಕೈಯಲ್ಲಿರುವ ಕೆಲಸ ನಿಲ್ಲಿಸಿ ಒಲೆಯ ಮುಂದೆ ಕಾಯುತ್ತಿದ್ದಳು. ಇಡೀ ಅಬ್ಬರವನ್ನು ಸಹಿಸಿಕೊಂಡು, ಆ ತುದಿಗೋಸ್ಕರ.

ಮುಂದೆ ಮನೆ ಪಾಲಾಯಿತು. ಟೇಪು, ಬೀರು, ಕ್ಯಾಸೆಟ್ಟು ಎಲ್ಲ ಅವನ ಪಾಲಿಗೆ. ನಮಗೆ ಕೊಟ್ಟಿಗೆ ಕಡೆಯ ಭಾಗ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮದ್ದೂರಿನ ಒಂದು ಮೈಕ್ ಸೆಟ್ಟಿನ ಅಂಗಡಿಗೆ ಸೇರಿದೆ. ಬಡತನಕ್ಕೆ ಸೇರಿದ ಅಂತ ಊರವರು ಅಂದುಕೊಂಡರು. ನಿಜ ಬೇರೆ. ಗುಂಡಿ ಯಾರ ಕೈಯಲ್ಲಿರುತ್ತದೋ ಅವರು ಯಾರ ಬಾಯನ್ನು ಬೇಕಾದರೂ ಮುಚ್ಚಿಸಬಹುದು ಅಂತ ಆ ಮನೆ ನನಗೆ ಕಲಿಸಿತ್ತು. ಆ ಗುಂಡಿ ನನಗೆ ಬೇಕಿತ್ತು. ಹಾರ್ನ್ ಹೊತ್ತುಕೊಂಡು ತೆಂಗಿನ ಮರ ಹತ್ತಿದೆ, ಕರೆಂಟು ಹೊಡೆಸಿಕೊಂಡೆ, ಲಾರಿಯ ಮೇಲೆ ಮಲಗಿದೆ. ಇವತ್ತು ಸೋಮನಹಳ್ಳಿಯಲ್ಲಿ ನನ್ನದೇ ಸೌಂಡ್ ಸರ್ವಿಸ್ ಇದೆ. ಮಂಡ್ಯದಿಂದ ಮಳವಳ್ಳಿವರೆಗೆ ನನ್ನ ಸೆಟ್ಟು ಹೋಗದ ಊರಿಲ್ಲ. ಇದನ್ನು ಜಂಬ ಅಂತ ಬೇಕಾದರೆ ಅನ್ನಿ, ನನಗೇನೂ ಬೇಜಾರಿಲ್ಲ.

ದೊಡ್ಡಪ್ಪ ಹೋದ ವರ್ಷ ಸತ್ತ. ತುಂಬು ಆಯಸ್ಸು, ಹಾಸಿಗೆ ಹಿಡಿಯಲಿಲ್ಲ. ಆ ವಿಷಯದಲ್ಲೂ ಅವನಿಗೇ ಅನುಕೂಲ. ತಿಥಿಗೆ ಮುಂಚೆ ಪುಟ್ರಾಜ ನನ್ನ ಅಂಗಡಿಗೆ ಬಂದ. ತಲೆ ಬೋಳಿಸಿದ್ದ. ಜೇಬಿನಿಂದ ಅದೇ ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟ. ಅಗುಳು ಹಚ್ಚಿದ ಕಾಗದ ಹಳದಿಯಾಗಿ ಇನ್ನೂ ಅಲ್ಲೇ ಇತ್ತು.

"ನಮ್ಮಪ್ಪನ ಗಂಟ್ಲು ಇರೋದು ಇದೊಂದ್ರಲ್ಲೇ ಕಣ್ಲಾ. ಟೇಪು ಯಾರತ್ರನೂ ಇಲ್ಲ. ತಿಥಿ ದಿನ ನೀನೇ ಆಕು. ಊರ್ಗೆಲ್ಲ ಕೇಳ್ಬೇಕು."

"ಕೇಳುಸ್ತೀನಿ ಬುಡು," ಅಂದೆ.

ತಿಥಿಯ ಮಧ್ಯಾಹ್ನ ಪೆಂಡಾಲಿನ ಎರಡೂ ಕಡೆ ಸ್ಪೀಕರು ಪೇರಿಸಿದೆ. ಜನ ಊಟಕ್ಕೆ ಕೂತಿದ್ದರು. ಎಲೆಯ ಮೇಲೆ ಮುದ್ದೆ ಬಂದು ಸಾರು ಬರುತ್ತಿತ್ತು. ಅವನ ಹಾಡು ಹಾಕಿದೆ. ಜನ ಕೇಳಿದರು ಅನ್ನುವುದಕ್ಕಿಂತ ಉಂಡರು. ಒಬ್ಬ ಮುದುಕ 'ಉಪ್ಪು ತತ್ತಾ' ಅಂದ. ಅಟ್ಟಹಾಸ ಬಂತು. ಪುಟ್ರಾಜ ಕೈ ಬೀಸಿ ನಿಲ್ಲಿಸು ನಿಲ್ಲಿಸು ಅಂದ. ನಾನು ನಿಲ್ಲಿಸಲಿಲ್ಲ. ವಾಲ್ಯೂಮು ಪೂರ್ತಿ ಏರಿಸಿದೆ.

ಅವಳ ದನಿ ಆ ಪೆಂಡಾಲಿನಲ್ಲಿ ಎದ್ದು ನಿಂತಿತು. ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತು. ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರಾಗಿ ಸೆರಗು ಕಣ್ಣಿಗೆ ಹೋಯಿತು. ಗಂಡಸರು ತಲೆ ತಗ್ಗಿಸಿದರು. ಅವನ ಮರ್ಯಾದೆ ಅವನ ತಿಥಿಯಲ್ಲೇ ಕಳೆಯಬೇಕು, ಜನ ಅವನನ್ನು ಮರೆತು 'ಯಾರು ಈ ಯಮ್ಮ' ಅನ್ನಬೇಕು ಅಂತಲೇ ನಾನು ಮಾಡಿದ್ದು. ಆದದ್ದು ಏನು? ಪುಟ್ರಾಜ ಓಡಿ ಬಂದು ನನ್ನನ್ನು ತಬ್ಬಿಕೊಂಡ.

"ನೋಡ್ದೇನ್ಲಾ, ಇಡೀ ಊರೇ ಅತ್ತೋಯ್ತು ನಮ್ಮಪ್ಪುಂಗೆ!"

ಮೈ ಉರಿದುಹೋಯಿತು. ನನ್ನ ತಂಗಿಗೆ ಸಿಗದ ಅಳು. ಅವ್ವ ಬಾಯಲ್ಲಿ ಸೆರಗು ತುರುಕಿ ಅದುಮಿಟ್ಟ ಅಳು. ಅದನ್ನು ನನ್ನ ಕೈಯಾರೆ, ನನ್ನ ಸೆಟ್ಟಿನಲ್ಲಿ, ಅವನ ತಿಥಿಗೆ ಬಡಿಸಿಬಿಟ್ಟಿದ್ದೆ. ಕ್ಯಾಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡು, ಬೂಷ್ಟು ಹಿಡಿದಿದೆ, ಕ್ಲೀನ್ ಮಾಡಿ ಕೊಡುತ್ತೇನೆ ಅಂದೆ.

ಕ್ಯಾಸೆಟ್ಟು ಹಾಕುವ ನನ್ನ ಡೆಕ್ಕನ್ನು ಮನೆಗೇ ಒಯ್ದೆ, ಅಲ್ಲಿ ನನ್ನ ಮಗಳು ಆ ತುದಿಯನ್ನು ಫೋನಿಗೆ ಕೇಳಿಸಿದಳು. ಫೋನು ಹಾಡನ್ನು ಹುಡುಕಿ ಕೊಟ್ಟಿತು. ಪೂರ್ತಿ ಹಾಡು, ಆ ಸಣ್ಣ ಮಾತಿನಂಥ ಶುರುವಿನಿಂದ. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಮಗಳು ಅದರ ಅರ್ಥ ಓದಲು ಹೋದಾಗ ಅವ್ವ ಕೈ ಅಡ್ಡ ಹಿಡಿದಳು.

"ಬ್ಯಾಡ ಬುಡು ಕಣವ್ವ. ಅದೇನಂತ ನಂಗೊತ್ತು."

ಮಾರನೆಯ ದಿನ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದೆ. ಹಳೆಯ ಡೆಕ್ಕಿಗೆ ಕ್ಯಾಸೆಟ್ಟು ಹಾಕಿ, ಫೋನಿನ ವಯರು ಸಿಕ್ಕಿಸಿ, ಅವನ ಹಾಡಿನ ಮೇಲೆ ಆ ಹೆಂಗಸಿನ ಹಾಡು ತುಂಬುತ್ತೇನೆ ಅಂತ ಹೇಳಿದೆ. ಒಂದು ಸಲ ಅವನ ಹಾಡು ಹಾಕು ಅಂದಳು. ಹಾಕಿದೆ. ತಲೆ ವಾಲಿಸಿ ಕೇಳಿದಳು.

"ಅಗಾ, ಹಿಂದ್ಗಡೆ ಟಣ್ ಟಣ್ ಅಂತಾದಲ್ಲ, ನಾನು ಪಾತ್ರೆ ಬೆಳಗ್ತಾ ಇದೀನಿ ಕಣ್ಲಾ."

"ಅದೂ ಓಯ್ತದೆ ಕಣವ್ವ."

"ಓಗ್ಲಿ ಬುಡು. ಬೆಳಗಿದ್ದು ಸಾಕು."

ಎರಡು ಗುಂಡಿಯನ್ನೂ ಒಟ್ಟಿಗೆ ಅದುಮಬೇಕು, ಕೆಂಪಿನದು ಮತ್ತು ಅದರ ಪಕ್ಕದ್ದು. ನಾನು ಕೈ ಚಾಚಿದೆ. ಅವಳು ನನ್ನ ಕೈ ಸರಿಸಿದಳು. ಆ ಮನೆಯಲ್ಲಿ ಟೇಪಿನ ಧೂಳನ್ನೂ ಒರೆಸಲು ಬಿಡದ ಆ ಬೆರಳುಗಳು ಗುಂಡಿಗಳ ಮೇಲೆ ಒಂದು ಕ್ಷಣ ನಿಂತವು. ಆಮೇಲೆ ಅದುಮಿದಳು. ಹಾಡು ಮುಗಿದರೆ ಮತ್ತೆ ಮೊದಲಿಂದ, ಮತ್ತೆ ಮೊದಲಿಂದ. ಅವನ ರಾಜಪಾರ್ಟೆಲ್ಲ ಅಳಿಸಿಹೋಗುವವರೆಗೆ ನಾವು ಕೂತೇ ಇದ್ದೆವು. ಡೆಕ್ಕಿನ ಅಂಕಿ ನೋಡಿಕೊಂಡು, ಅಟ್ಟಹಾಸ ಬರುವುದಕ್ಕೆ ಮುಂಚೆ ನಾನು ನಿಲ್ಲಿಸಿದೆ. ಅದೊಂದನ್ನು ಉಳಿಸಿದೆ. ಅವನು ಅವ್ವನಿಗೆ ಉಳಿಸಿದ್ದೂ ಅಷ್ಟನ್ನೇ.

ಪುಟ್ರಾಜ ಬಂದಾಗ ಅವ್ವ ಅಂಗಡಿಯಲ್ಲೇ ಇದ್ದಳು. ಅವರಪ್ಪ ನನ್ನ ಬಾಯಿಂದ ಹೇಳಿಸಿದ್ದ ಆ ಮಾತನ್ನು, ಅವನಿಗೆ ತಿರುಗಿಸಿ ಹೇಳಲು, ನಾನು ಹುಡುಗನಾಗಿದ್ದಾಗಿನಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಅವನು ಕ್ಯಾಸೆಟ್ಟನ್ನು ಕಣ್ಣಿಗೊತ್ತಿಕೊಂಡು ನನ್ನನ್ನು ಕೇಳಿದ.

"ವರ್ಸದ್ ತಿಥೀಗೂ ನೀನೇ ಆಕ್ಬೇಕು ಕಣ್ಲಾ. ಅಪ್ಪನ ಗಂಟ್ಲು ಏನೂ ಆಗಿಲ್ವಲ್ಲ? ಎಲ್ಗೂ ಓಗಿಲ್ವಲ್ಲ?"

ನಾನು ಬಾಯಿ ತೆರೆಯುವುದರೊಳಗೆ ಅವ್ವ ಎದ್ದು ಬಂದು ಅವನ ಎದುರಿಗೇ ನಿಂತಳು. ಬಾಗಿಲಿಲ್ಲ, ನಡುವೆ ನಾನಿಲ್ಲ. ಅವನ ಮುಖವನ್ನೇ ನೋಡುತ್ತಾ, ತನ್ನ ಬಾಯಿಂದ ತಾನೇ ಹೇಳಿದಳು.

"ಎಲ್ಗೂ ಓಗಿಲ್ಲ ಕಣ್ ಪುಟ್ರಾಜ, ಇಲ್ಲೇ ಅದೆ."

ಉಳಿದರ್ಧವನ್ನು ಅವಳು ಹೇಳಲಿಲ್ಲ. ವರ್ಷದ ತಿಥಿಗೆ ಸ್ಪೀಕರು ಹೇಳುತ್ತದೆ.